ಯಂತ್ರ ನುಂಗಿದ ಮೇಷ್ಟ್ರು

ಬಸ್ಸಿನಲ್ಲಿ ಬಟ್ಟೆಯ ಗಂಟು ಹಿಡಿದು ಕೂತಿದ್ದ ಹೊಲಿಗೆಯಾಕೆಗೆ ಮುಂದಿನ ಸೀಟಿನವರ ಮಾತು ಕಿವಿಗೆ ಬಿತ್ತು. ಒಬ್ಬಳು ರೇಡಿಯೊ ನಿರೂಪಕಿ, ಇನ್ನೊಬ್ಬ ಅದೇ ಕೇಂದ್ರದ ಇಂಜಿನಿಯರ್.

“ನನ್ನ ಉಸಿರಿನ ಸದ್ದು ತೆಗೀರಿ ಅಂದ್ರೆ, ಅತಿಥಿಯಾಗಿ ಬಂದ ಮೇಷ್ಟ್ರನ್ನೇ ತೆಗೆದುಬಿಟ್ರಲ್ಲ!”

“ಸದ್ದು ಸಣ್ಣದಾದ್ರೆ ಮೈಕ್ ಮುಚ್ಚೋ ಯಂತ್ರ ಹಾಕಿದ್ದೆ ತಾಯಿ. ಅವರು ಅಷ್ಟು ಮೆತ್ತಗೆ ಮಾತಾಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?”

“ನೇರಪ್ರಸಾರದಲ್ಲಿ ಅರ್ಧ ಗಂಟೆ ನಾನೇ ಪ್ರಶ್ನೆ ಕೇಳಿ, ನಾನೇ ‘ಆಹಾ’ ಅಂದ ಹಾಗಾಯ್ತು. ಪಾಪ, ಎಷ್ಟು ಹುರುಪಿನಿಂದ ಬಂದಿದ್ರು! ಕ್ಷಮೆ ಕೇಳೋಕೆ ಆಮೇಲೆ ಅವರ ಮನೆಗೆ ಫೋನ್ ಮಾಡಿದೆ.”

“ಬೈದ್ರಾ?”

“ಅವರ ಹೆಂಡತಿ ಎತ್ತಿದ್ರು. ‘ಮನೇಲೂ ಹೀಗೇ ಕಣಮ್ಮ, ನಮಗೆ ಏನೋ ಕೆಟ್ಟಿದೆ ಅಂತ ಅನ್ನಿಸಲೇ ಇಲ್ಲ’ ಅಂದ್ರು.”

ಹೊಲಿಗೆಯಾಕೆ ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದಳು.

“ನಾಳೆ ಮತ್ತೆ ಕರೆದಿದ್ದೀನಿ. ಈ ಸಲ?”

“ಯಂತ್ರವೇ ಬೇಡ. ಅವರ ಮೈಕ್ ಬಾಯಿಗೆ ಹತ್ತಿರ ಇಡ್ತೀನಿ. ನಿಮ್ಮದು ಸ್ವಲ್ಪ ಪಕ್ಕಕ್ಕೆ, ಓರೆಯಾಗಿ. ಉಸಿರು ನೇರವಾಗಿ ಬಡಿಯಲ್ಲ. ಅಂದಹಾಗೆ, ಅವರ ಹೆಂಡತೀನೂ ಕರೀಬಾರದಾ?”

“ಕರೆದ್ರೆ ಮೇಷ್ಟ್ರು ಮಾತಾಡಿದ ಹಾಗೇ!”

ಇಬ್ಬರೂ ನಗುತ್ತಲೇ ಇಳಿದುಹೋದರು. ನಾಳೆಯ ಕಾರ್ಯಕ್ರಮ ಎಷ್ಟು ಗಂಟೆಗೆ ಎಂದು ಕೇಳಬೇಕಿತ್ತೆಂದು ಹೊಲಿಗೆಯಾಕೆಗೆ ಹೊಳೆಯುವಷ್ಟರಲ್ಲಿ ಬಸ್ಸು ಹೊರಟಾಗಿತ್ತು.