ನಿಂತಲ್ಲಿಂದಲೇ ಏರುವ ವಿಮಾನ

೧೯೪೫ರಲ್ಲಿ ನಾನು ಹುಬ್ಬಳ್ಳಿಯಿಂದ ಧಾರವಾಡದ ಕಾಲೇಜಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಒಂದು ದಿನ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕುಳಿತಿದ್ದರು. ಗಂಡನ ಕೈಯಲ್ಲಿ ಪತ್ರಿಕೆಯಿತ್ತು.

“ಚಿತ್ರಾನ ಹಾಕ್ಯಾರ ನೋಡು. ಹೆಲಿಕಾಪ್ಟರ್ ಅಂತ. ತಲಿ ಮ್ಯಾಲೆ ಪಂಕಾ, ನಿಂತಲ್ಲಿಂದನ ಏರತೈತಂತ. ಬರ್ಮಾದ ಅಡವ್ಯಾಗ ಗಾಯಾದ ಸಿಪಾಯಿಗಳನ್ನ ಎತ್ತಿ ತಂದೈತಂತ.”

“ಚನ್ನಯ್ಯ ದಂಡಿನಿಂದ ಬಂದಾಗ ಇದನ್ನ ಹೇಳಿದ್ದ. ನೀವು ನಕ್ರಿ.”

“ನಕ್ಕಷ್ಟಕ್ಕ ಬಿಟ್ಟೆನೇನು? ಒಡಹುಟ್ಟಿದ ತಮ್ಮನ್ನ ಧಾರವಾಡದ ಹುಚ್ಚರ ದವಾಖಾನಿಗೆ ಸೇರಿಸಿ ಬಂದೆ. ಈಗ ಯಾವ ಮಾರಿ ಇಟ್ಕೊಂಡು ಕರಿಯಾಕ ಹೋಗ್ಲಿ?”

“ಇದ್ದ ಮಾರೀನ ತಗೊಂಡು ಬರ್ರಿ. ಪೇಪರ್ ಮಾತ್ರ ಮೊದಲ ತೋರಿಸಬ್ಯಾಡ್ರಿ.”

“ಯಾಕ?”

“ಅವನು ಇನ್ನೊಮ್ಮೆ ಹೇಳ್ಲಿ. ಈ ಸಲ ನೀವು ಹೂಂ ಅನ್ರಿ.”

ಗಾಡಿ ಬಂತು. ಆತ ಏಳಲಿಲ್ಲ. ಆಕೆಯೇ, ಅಷ್ಟು ಜನರೆದುರು, ಕೈಹಿಡಿದು ಎಬ್ಬಿಸಿಕೊಂಡು ಹೋದಳು.