‘ಕ್ಲುಸ್’ ಪದದ ಚೀಟಿ

ಸಭೆಗೆ ನಮಸ್ಕಾರ. ಲಿಲ್ಲಿಯನ್ ಆಂಟಿ, ಜೆಸಿಕಾ — ಓಸ್ವಾಲ್ಡ್ ಸರ್ ಮನೆಯವರಾದ ನಿಮ್ಮ ಮುಂದೆ ನಿಂತು ಮಾತಾಡುವುದು ನನಗೆ ಕಷ್ಟ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವವಳು ನಾನು. ಸರ್ ಇದ್ದಿದ್ದರೆ, “ನಾಯಿಲಾ, ಮೈಕ್ ಕಚ್ಚಲ್ಲ ಮಾರಾಯ್ತಿ,” ಎನ್ನುತ್ತಿದ್ದರು.

ಎರಡು ಸಾವಿರದ ನಾಲ್ಕರಿಂದ ಇಲ್ಲಿಯವರೆಗೆ, ಸ್ವೀಡನ್ನಿನ ಈ ಓರೆಬ್ರೂವಿನಲ್ಲಿ ನಾವಿಬ್ಬರೂ ಲಾಟ್ವಿಯನ್–ಕನ್ನಡ ನಿಘಂಟಿಗೆ ದುಡಿದೆವು. ಇದು ಯಾರಿಗೆ ಬೇಕು ಎಂದು ನಿಮ್ಮಲ್ಲೇ ಹಲವರು ಕೇಳಿದ್ದೀರಿ. “ಬೇಕು ಅನ್ನೋನು ನಾನೊಬ್ಬ ಇದ್ದೇನಲ್ಲ,” ಎನ್ನುತ್ತಿದ್ದರು ಸರ್. ಪದಕ್ಕೊಂದು ಚೀಟಿ. ಅದರ ಬಲಮೂಲೆಯಲ್ಲಿ, ಆ ಪದದ ಬಳಕೆಯನ್ನು ಯಾರ ಬಾಯಿಂದ ಕೇಳಿದೆವೋ ಅವರ ಹೆಸರು. ಹೆಸರಿಲ್ಲದ ಚೀಟಿಗೆ ಸರ್ ಸಹಿ ಹಾಕುತ್ತಿರಲಿಲ್ಲ — ಹಾಕುತ್ತಲೇ ಇರಲಿಲ್ಲ.

ಕಳೆದ ತಿಂಗಳು ‘ಕ್ಲುಸ್’ ಎಂಬ ಗುಣವಾಚಕ ನನ್ನ ಪಾಲಿಗೆ ಬಂತು. ಸದ್ದಿಲ್ಲದ, ಮೌನವಾದ ಎಂದು ಅರ್ಥ. ಪುಲ್ಲಿಂಗಕ್ಕೆ ಕ್ಲುಸ್, ಸ್ತ್ರೀಲಿಂಗಕ್ಕೆ ಕ್ಲುಸ. ಯಾರೋ ಒಬ್ಬ ಮೌನಿಯಲ್ಲ, ನಮಗೆ ಗೊತ್ತಿರುವ ಆ ಮೌನಿ ಎನ್ನಬೇಕಾದರೆ ಕ್ಲುಸೈಸ್. ಇದರ ಮೂಲ ‘ಕೇಳು’ ಎಂಬ ಅರ್ಥದ ಹಳೆಯ ಧಾತು ಎನ್ನುತ್ತಾರೆ ಬಲ್ಲವರು. ನಾವು ಬಳಸುವ ‘ಶ್ರವಣ’ವೂ ಅದೇ ಬಳ್ಳಿಯದು. ಕೇಳುತ್ತಾ ಕೂತವನು ಸುಮ್ಮನಿರುತ್ತಾನಲ್ಲ — ಹಾಗೆ.

ಲಾಟ್ವಿಯನ್‌ನಲ್ಲಿ ಸ್ತ್ರೀಲಿಂಗವಾದ ಮನೆಯನ್ನೂ ಹೀಗೆ ಕರೆಯಬಹುದೇ ಎಂದು ವೆಲ್ಟಾ ಆಂಟಿಯನ್ನು ಕೇಳಿ ಬಾ ಎಂದರು ಸರ್. ಯುದ್ಧದ ಕಾಲದಲ್ಲಿ ದೋಣಿ ಹತ್ತಿ ಲಾಟ್ವಿಯಾದಿಂದ ಇಲ್ಲಿಗೆ ಬಂದವರು ಅವರು — ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಆಗಷ್ಟೇ ಗಂಡನನ್ನು ಕಳೆದುಕೊಂಡಿದ್ದರು. ಬಾಗಿಲವರೆಗೆ ಹೋದೆ. ಬೆಲ್ ಒತ್ತಲಾಗಲಿಲ್ಲ. ವಾಪಸು ಬಂದು ಚೀಟಿಯ ಮೂಲೆಯಲ್ಲಿ ‘ವೆಲ್ಟಾ’ ಎಂದು ಬರೆದುಬಿಟ್ಟೆ.

“ಏನಂದ್ರು?”

“ಹೇಳಬಹುದಂತೆ ಸರ್.”

“ನೀನೇ ಮಾತಾಡಿಸಿದ್ಯಾ? ಹಾಗಾದ್ರೆ ಇವತ್ತಿನ ಫಿಕಾ, ಕಾಫಿ-ತಿಂಡಿ ಎಲ್ಲಾ ನಂದು.”

ಪೆನ್ಸಿಲ್ಲಿನಲ್ಲಿ ಸಹಿ ಹಾಕಿದರು. ಕಾಫಿಯ ಜೊತೆ ದಾಲ್ಚಿನ್ನಿ ಬನ್ ಕೊಡಿಸಿದರು. ನಾನು ತಿಂದೆ — ಪೂರ್ತಿ ತಿಂದೆ.

ಹತ್ತು ದಿನಕ್ಕೆ ಸರ್ ಹೋಗಿಬಿಟ್ಟರು.

ಅವರನ್ನು ಮಣ್ಣು ಮಾಡಿದ ಮರುದಿನ ಆ ಬೆಲ್ ಒತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ವೆಲ್ಟಾ ಆಂಟಿ ಸ್ವೀಡಿಶ್‌ನಲ್ಲಿ ಹೇಳಿದರು: “ಓಸ್ವಾಲ್ಡ್ ಬಂದಿದ್ದ. ನಮ್ಮ ಹುಡುಗಿ ಜೊತೆ ಮಾತಾಡಿದ್ರಲ್ಲ, ಥ್ಯಾಂಕ್ಸ್ ಅಂದ. ಯಾವ ಹುಡುಗಿನೂ ಬಂದಿಲ್ಲವಲ್ಲ ಅಂದೆ. ಹಾಗಾದ್ರೆ ಬರ್ತಾಳೆ, ಬಂದಾಗ ಕಾಫಿ ಕೊಡಿ ಅಂದ.”

ಚೀಟಿ ತೆಗೆದು ನೋಡಿದೆ. ಸಹಿಯನ್ನು ಉಜ್ಜಿ ಅಳಿಸಿದ್ದರು. ನನಗೆ ಒಂದು ಮಾತೂ ಅಂದಿರಲಿಲ್ಲ. ಆ ಹತ್ತು ದಿನದಲ್ಲಿ ಎಷ್ಟು ದಿನ ನನ್ನೆದುರು ಕೂತು, ನಾನಾಗಿ ಹೇಳಲಿ ಎಂದು ಕಾದರೋ — ಗೊತ್ತಿಲ್ಲ.

ವೆಲ್ಟಾ ಆಂಟಿ ಕೊಟ್ಟ ವಾಕ್ಯ ಈಗ ಅದರಲ್ಲಿದೆ: ‘ನನ್ನ ಮನೆ ಈಗ ಕ್ಲುಸ.’ ಈ ಸಲ ಕೇಳಿ ಬರೆದೆ, ಸರ್. ಸಹಿಯ ಜಾಗ ಹಾಗೇ ಇದೆ.

ಇನ್ನು ನನ್ನಿಂದಾಗದು. ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ವೆಲ್ಟಾ ಆಂಟಿ, ನೀವು ಕೂತೇ ಇರಿ. ಓಸ್ವಾಲ್ಡ್ ಸರ್‌ಗಾಗಿ ಎರಡು ನಿಮಿಷ —