ಮೈಕಿನಲ್ಲಿ ಬಂದ ಹೆಸರು

ಒಮಾಹಾದ ಹೋಟೆಲಿನಲ್ಲಿ ಆ ವರ್ಷದ ಅತ್ಯುತ್ತಮ ಕಾಲೇಜು ಅಮೆರಿಕನ್ ಫುಟ್‌ಬಾಲ್ ಆಟಗಾರರ ಸನ್ಮಾನ ಮುಗಿದಿತ್ತು. ತಂಡದಲ್ಲಿ ಚೆಂಡೆಸೆಯುವ ತನ್ನ ಮಗನ ಟ್ರೋಫಿಯನ್ನು ಎದೆಗವಚಿಕೊಂಡು ಲೊರೇನ್ ಒಳಗೆ ಬರುವಾಗ ಕೊಟ್ಟಿದ್ದ ಕೋಟು ವಾಪಸು ಪಡೆಯುವ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಗಂಡಹೆಂಡಿರು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು.

“ಸನ್ಮಾನಕ್ಕೆ ನಮ್ಮ ವೆಂಡಲ್ ಹೆಸರು ಮೈಕಲ್ಲಿ ಬಂದ ತಕ್ಷಣ ತಲೆ ತಗ್ಗಿಸಿಬಿಟ್ಯಲ್ಲೇ.”

“ಏನು ತಪ್ಪು ಮಾಡಿದ್ನೋ ಅಂದ್ಕೊಂಡೆ. ನಾಲ್ಕು ವರ್ಷ ಮೈದಾನದಲ್ಲಿ ಅವನ ನಂಬರು ಕೂಗಿದ್ದೆಲ್ಲ ಫೌಲ್ ಆದಾಗ ತಾನೇ?”

“ಎದುರಾಳಿಗಳಿಗೆ ಅಡ್ಡ ನಿಲ್ಲೋರ ಹಣೆಬರಹ ಅದು. ಚೆಂಡೆಸೆಯೋನ್ನ ಕಾಪಾಡಿದ್ದು ಯಾರ ಕಣ್ಣಿಗೂ ಬೀಳಲ್ಲ.”

ಆ ಹೆಸರು ಕೂಗಿದಾಗ ತಾನು ಫೋನಿನಲ್ಲಿ ಮಗನ ಫೋಟೊ ನೋಡುತ್ತಿದ್ದದ್ದು ಲೊರೇನ್‌ಗೆ ನೆನಪಾಯಿತು.

“ಕೊನೇ ಆಟದಲ್ಲಿ ಒಂದೇ ಒಂದ್ಸಲ ಪಕ್ಕಕ್ಕೆ ಸರಿದಿದ್ರೆ ನಮ್ಮವನ ಮಂಡಿ ಉಳೀತಿತ್ತು. ಇನ್ನು ಆಡೋ ಹಾಗೇ ಇಲ್ವಲ್ಲ.”

“ಸರಿದಿದ್ರೆ ಆ ಚೆಂಡೆಸೆಯೋ ಹುಡುಗನ ಕತ್ತು ಮುರೀತಿತ್ತು ಕಣೇ.”

“ಗೊತ್ತು.”

ಕೋಟು ತೊಟ್ಟು ತಿರುಗಿದ ಹೆಂಗಸಿಗೆ ಟ್ರೋಫಿಯ ಮೇಲೆ ವೆಂಡಲ್ ಕಾಪಾಡಿದ್ದ ಹುಡುಗನ ಹೆಸರು ಕಂಡಿತು. ಮುಖವೆತ್ತಿ ಲೊರೇನ್‌ಳನ್ನು ಕೇಳಿದಳು.

“ನಿಮ್ಮ ಹುಡುಗನಿಗೆ ಏಟೇನೂ ಆಗ್ಲಿಲ್ಲ ತಾನೇ?”

“ಇಲ್ಲ,” ಎಂದಳು ಲೊರೇನ್.

“ಸದ್ಯ.”

ಗಂಡನ ತೋಳು ಹಿಡಿದು ಅವಳು ಹಿಮ ಬೀಳುತ್ತಿದ್ದ ಬೀದಿಗೆ ಇಳಿದಳು.